ಲಗ್ನಪತ್ರಿಕೆಯ ಬೆನ್ನ ಮೇಲೆ ಕ್ರಿಸ್ಮಸ್

ಓದುಗರ ಪತ್ರ (ಸ್ವಲ್ಪ ಕತ್ತರಿಸಿ ಹಾಕಿದ್ದೇವೆ): ‘ನಾನು ಬೆಟಗೇರಿ ಕಡೆಯ ನಿವೃತ್ತ ಶಿಕ್ಷಕಿ. ಮೂವತ್ತು ವರ್ಷದಿಂದ ಕ್ರಿಸ್ಮಸ್ಸಿಗೆ ಕೈಯಾರೆ ಕಾರ್ಡ್ ಮಾಡಿ ಕಳಿಸುತ್ತೇನೆ. ಪಕ್ಕದ ಮನೆಯಾಕೆ ಕೊಡುವ ಹಳೆಯ ಲಗ್ನಪತ್ರಿಕೆಗಳೇ ನನಗೆ ರಟ್ಟು. ಹೋದ ಸಲ ಒಂದು ಕಾರ್ಡಿನಲ್ಲಿ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆ) ಹಿಂದಿನಿಂದ ಉಬ್ಬಚ್ಚಿನ ಗಣಪತಿ ಕಂಡಿದ್ದಾನೆ. ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರು ಅದನ್ನು ವಾಪಸ್ ತಂದುಕೊಟ್ಟು, “ಇದು ಸರಿಯಲ್ಲ” ಅಂದರು. ನಾನು ಮಾಡಿದ್ದು ತಪ್ಪೇ? ಈಗ ಕೈಯೂ ನಡುಗುತ್ತದೆ. ವಾಟ್ಸಾಪ್ ಸಾಕು ಅನ್ನುತ್ತಾನೆ ಮಗ. ಇಷ್ಟು ವರ್ಷ ಮಾಡಿದ್ದು ವಿಶ್ವಾಸವೋ ಬರೀ ಹವ್ಯಾಸವೋ ಎಂಬ ಅನುಮಾನ ಬಂದಿದೆ. ನಿಲ್ಲಿಸಿಬಿಡಲೇ? ಇನ್ನೊಂದು: ಹಳೆಯ ಕಾರ್ಡುಗಳಿಗೆ ಹುಳ ಬಿದ್ದಿದೆ. ಮೈದಾ ಅಂಟಿಗೆ ಏನಾದರೂ ಸೇರಿಸಬೇಕೇ?’

ಟೀಚರ್, ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಪತ್ರ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ನೀವು ಜೊತೆಯಲ್ಲಿ ಇಟ್ಟು ಕಳಿಸಿದ ಆ ಕಾರ್ಡೇ ಕಾರಣ. ದಿನಾ ಬೆಳಿಗ್ಗೆ ಅದನ್ನು ತೆಗೆದು ನೋಡುತ್ತೇನೆ, ಮತ್ತೆ ಇಡುತ್ತೇನೆ, ಉತ್ತರ ನಾಳೆ ಬರೆದರಾಯಿತು ಅಂದುಕೊಳ್ಳುತ್ತೇನೆ.

ನಮ್ಮ ಓದುಗರು ಆ ಕಾರ್ಡ್ ನೋಡಿಲ್ಲ, ಅದಕ್ಕೆ ಹೇಳುತ್ತೇನೆ. ಅಂಗೈಗಿಂತ ಚೂರು ದೊಡ್ಡದು. ಲಗ್ನಪತ್ರಿಕೆಯನ್ನು ಒಳಮಗ್ಗುಲು ಹೊರಗೆ ಬರುವ ಹಾಗೆ ತಿರುವಿ ಮಡಚಿದ್ದೀರಿ. ಜೋಳದ ದಂಟಿನ ಸಿಪ್ಪೆ ಸೀಳಿ ಅಂಟಿಸಿದ ಗೋದಲಿ. ಚಹಾಪುಡಿ ಪೊಟ್ಟಣದ ಬೆಳ್ಳಿ ಹಾಳೆಯಿಂದ ಕತ್ತರಿಸಿದ ನಕ್ಷತ್ರ, ಒಂದು ಮೂಲೆ ಸ್ವಲ್ಪ ಸೊಟ್ಟ. ಮಗು ಅಂದರೆ ಒಂದೇ ಚೂರು ಹತ್ತಿ, ಉಗುರಿನಷ್ಟು. ಮುಖ ಇಲ್ಲ, ಕಣ್ಣಿಲ್ಲ, ಆದರೂ ಬಟ್ಟೆಯಲ್ಲಿ ಸುತ್ತಿದ ಕೂಸು ಅಂತ ನೋಡಿದ ಕೂಡಲೇ ತಿಳಿಯುತ್ತದೆ. ನೇರ ಹಿಡಿದರೆ ಇಷ್ಟೇ. ಕಿಟಕಿಯ ಬೆಳಕಿಗೆ ಓರೆ ಮಾಡಿದರೆ ಮಾತ್ರ ಹಾಳೆಯಲ್ಲಿ ಒಂದು ತಗ್ಗು ಕಾಣುತ್ತದೆ. ಆಚೆ ಕಡೆಯಿಂದ ಒತ್ತಿದ ಅಚ್ಚು. ಮೊದಲು ಕಿವಿ, ಆಮೇಲೆ ಸೊಂಡಿಲು, ಆಮೇಲೆ ಹೊಟ್ಟೆ. ನಿಮ್ಮ ಹತ್ತಿಯ ಕೂಸು ಸರಿಯಾಗಿ ಆ ಹೊಟ್ಟೆಯ ತಗ್ಗಿನಲ್ಲೇ ಬೆಚ್ಚಗೆ ಕೂತಿದೆ.

ನಾನು ನಕ್ಕೆ. ನಿಮ್ಮ ಸಭೆಯ ಹಿರಿಯರು ನಗಲಿಲ್ಲ. ಅವರಿಗೂ ಒಂದು ಕಾರಣ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಹಳೆಯ ಸುದ್ದಿ. ಕ್ರಿಸ್ಮಸ್ ಕಾರ್ಡಿಗೆ ಆಕ್ಷೇಪಣೆ ಬಂದದ್ದು ನಿಮ್ಮಿಂದ ಶುರುವಲ್ಲ. ಅಂಗಡಿಯಲ್ಲಿ ಮಾರಿದ ಮೊದಲನೇ ಕ್ರಿಸ್ಮಸ್ ಕಾರ್ಡಿಗೇ ಬಂದಿತ್ತು. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿ ಅದನ್ನು ಮಾಡಿಸಿದ. ಮೂರು ವರ್ಷದ ಹಿಂದಷ್ಟೇ ಅಲ್ಲಿ ಒಂದು ಪೆನ್ನಿ ನಾಣ್ಯಕ್ಕೆ ಕಾಗದ ಹೋಗುವ ಅಂಚೆ ಬಂದಿತ್ತು. ಅದನ್ನು ಜಾರಿಗೆ ತರಲು ಓಡಾಡಿದವರಲ್ಲಿ ಕೋಲ್ ಕೂಡ ಒಬ್ಬ. ಮಾಡಿದ್ದುಣ್ಣೋ ಮಹಾರಾಯ ಅನ್ನುವ ಹಾಗೆ, ಆ ಅಗ್ಗದ ಅಂಚೆಯಲ್ಲಿ ಅವನ ಮನೆಗೇ ಕಾಗದಗಳ ರಾಶಿ ಬಂದು ಬಿತ್ತು. ಎಲ್ಲರಿಗೂ ಉತ್ತರ ಬರೆಯುವುದು ಯಾರಿಂದ ಆಗುತ್ತದೆ? ಜಾನ್ ಹಾರ್ಸ್ಲಿ ಎಂಬ ಕಲಾವಿದ ಗೆಳೆಯನ ಕೈಲಿ ಒಂದು ಚಿತ್ರ ಬರೆಸಿದ. ಅಚ್ಚು ಹಾಕಿಸಿ, ಬಣ್ಣ ತುಂಬಿಸಿ, ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಒಂದಕ್ಕೊಂದು ಶಿಲಿಂಗಿನ ಹಾಗೆ ಮಾರಾಟಕ್ಕೆ ಬಿಟ್ಟ. ಶಿಲಿಂಗ್ ಅಂದರೆ ಹನ್ನೆರಡು ಪೆನ್ನಿ. ಒಂದು ಕಾರ್ಡಿನ ದುಡ್ಡಿನಲ್ಲಿ ಹನ್ನೆರಡು ಕಾಗದ ಅಂಚೆಗೆ ಹಾಕಬಹುದಿತ್ತು!

ಆ ಕಾರ್ಡಿನಲ್ಲಿ ಗೋದಲಿ ಇಲ್ಲ, ಕುರುಬರಿಲ್ಲ, ನಕ್ಷತ್ರವೂ ಇಲ್ಲ. ನಡುವೆ ಒಂದು ತುಂಬಿದ ಮನೆ, ಮೂರು ತಲೆಮಾರಿನವರು ಕೂತು ದ್ರಾಕ್ಷಾರಸ ಕುಡಿಯುತ್ತಿದ್ದಾರೆ. ಎರಡು ಪಕ್ಕದಲ್ಲಿ ಬಡವರಿಗೆ ಊಟ, ಬಟ್ಟೆ ಕೊಡುವ ಚಿತ್ರ. ಗಲಾಟೆ ಆದದ್ದು ನಡುವಿನ ಚಿತ್ರಕ್ಕೆ. ಅದರಲ್ಲಿ ಒಂದು ಸಣ್ಣ ಮಗುವಿನ ಬಾಯಿಗೂ ಲೋಟ ಹಿಡಿದಿದ್ದರು. ಪಾನನಿರೋಧದವರು ಬಿಡುತ್ತಾರೆಯೇ? ನಿಮ್ಮ ಕಾರ್ಡನ್ನು ಒಬ್ಬರು ವಾಪಸ್ ತಂದುಕೊಟ್ಟರು, ಕೋಲ್ ಊರ ಬಾಯಿಗೇ ಬಿದ್ದ.

ಇದರಲ್ಲಿ ನನಗೆ ಮಜಾ ಅನ್ನಿಸುವುದು ಬೇರೆಯದು. ಕ್ರಿಸ್ಮಸ್ ಕಾರ್ಡ್ ಅಚ್ಚಾದದ್ದು ಪತ್ರ ಬರೆಯುವ ಕಷ್ಟ ತಪ್ಪಿಸಿಕೊಳ್ಳೋಕೆ. ‘ಇವರಿಗೆ’ ಅಂತ ಒಂದು ಖಾಲಿ ಗೆರೆ, ‘ಇವರಿಂದ’ ಅಂತ ಇನ್ನೊಂದು. ಹೆಸರು ತುಂಬಿಸಿದರೆ ಮುಗಿಯಿತು. ಅಂದರೆ ನಿಮ್ಮ ಮಗ ಹೇಳುವ ವಾಟ್ಸಾಪ್ ಫಾರ್ವರ್ಡ್ ಹೊಸದಲ್ಲ, ಅದರ ಅಜ್ಜ 1843ರವನು. ನೀವು ಮಾಡುತ್ತಿರುವುದು ಅದಕ್ಕೆ ಉಲ್ಟಾ ಕೆಲಸ. ಕೋಲ್ ಹೊತ್ತು ಉಳಿಸಲು ಕಾರ್ಡ್ ಮಾಡಿಸಿದ. ನೀವು ಒಂದು ಕಾರ್ಡಿಗೆ ಒಂದು ಮಧ್ಯಾಹ್ನ ಕೊಡುತ್ತೀರಿ.

ನಾವೂ ಕೋಲನ ವಂಶದವರೇ ಬಿಡಿ. ತುಂಬಾ ಹಿಂದೆ, ನಾನು ಈ ಕುರ್ಚಿಗೆ ಹೊಸಬನಾಗಿದ್ದಾಗ, ಚಂದಾದಾರರಿಗೆಲ್ಲ ಪತ್ರಿಕೆಯ ಕಡೆಯಿಂದ ಕ್ರಿಸ್ಮಸ್ ಕಾರ್ಡ್ ಕಳಿಸುವ ಉಮೇದು ಬಂತು. ಕರಡು ತಿದ್ದಿದವನು ನಾನೇ. ಕವರಿನ ಬಾಯಿಗೆ ಅಂಟು ಹಚ್ಚದೆ ಸುಮ್ನೆ ಒಳಗೆ ಸಿಕ್ಕಿಸಿ, ಮೇಲೆ ‘ಬುಕ್ ಪೋಸ್ಟ್’ ಅಂತ ಬರೆದು, ಕಡಿಮೆ ಸ್ಟಾಂಪಿನಲ್ಲಿ ಎಲ್ಲವನ್ನೂ ಸಾಗಹಾಕಿದೆವು. ಹೋದ ಮೇಲೆ ಕಣ್ಣಿಗೆ ಬಿತ್ತು. ‘ಹಾರ್ದಿಕ ಶುಭಾಶಯಗಳು’ ಎಂದಿರಬೇಕಾದ ಕಡೆ ‘ಆರ್ಥಿಕ ಶುಭಾಶಯಗಳು’ ಎಂದಿತ್ತು. ಒಳಗೆ ಚಂದಾ ನವೀಕರಿಸಿ ಎಂಬ ಚೀಟಿಯನ್ನೂ ಇಟ್ಟಿದ್ದೆವು. ಹಾಗಾಗಿ ಅದು ತಪ್ಪು ಅಂತ ಒಬ್ಬರಿಗೂ ಅನ್ನಿಸಲಿಲ್ಲ. ಒಂದೇ ಒಂದು ದೂರು ಬರಲಿಲ್ಲ. ಅದೇ ನನಗೆ ಜಾಸ್ತಿ ನೋವಾದದ್ದು.

ಅದೇ 1843ರಲ್ಲಿ ನಮ್ಮ ಕಡೆ ಏನು ನಡೆದಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ, ಮಕ್ಕಳಿಗೆ ನೀವೇ ಹೇಳಿಕೊಟ್ಟಿರುತ್ತೀರಿ. ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಅದೂ ಕಲ್ಲಚ್ಚು, ಕೋಲನ ಕಾರ್ಡೂ ಕಲ್ಲಚ್ಚು. ನುಣ್ಣಗೆ ಉಜ್ಜಿದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆಯುವುದು, ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸುವುದು. ನೀರಿದ್ದಲ್ಲಿ ಮಸಿ ನಿಲ್ಲದು, ಜಿಡ್ಡಿದ್ದಲ್ಲಿ ಹಿಡಿಯುತ್ತದೆ. ನಮ್ಮ ಮೊದಲ ಪತ್ರಿಕೆ ಒಂದು ಲೆಕ್ಕದಲ್ಲಿ ಕೈಬರಹದ್ದೇ. ಸಂಪಾದಕನಾಗಿ ಈ ಮಾತು ಹೇಳಿಕೊಳ್ಳಲು ನನಗೆ ಖುಷಿ.

ಮೋಗ್ಲಿಂಗರ ಹೆಸರು ತಂದದ್ದಕ್ಕೆ ಇನ್ನೊಂದು ಕಾರಣ ಇದೆ. ನಿಮ್ಮ ಬೆಟಗೇರಿಯ ಸಭೆಯೂ ಮೋಗ್ಲಿಂಗರನ್ನು ಇಲ್ಲಿಗೆ ಕಳಿಸಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕಾಲದ್ದು. ಆ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಕಲ್ಲಚ್ಚಿನಲ್ಲಿ ಬೈಬಲ್ ಭಾಗಗಳು, ಕೀರ್ತನೆಗಳು ಮಾತ್ರ ಅಚ್ಚಾದವು ಅಂದುಕೊಂಡರೆ ತಪ್ಪು. 1848ರಿಂದ ಮೋಗ್ಲಿಂಗರು ಹಳೆಯ ಕನ್ನಡ ಕೃತಿಗಳ ಮಾಲೆಯೊಂದನ್ನೇ ತಂದರು. ಜೈಮಿನಿ ಭಾರತ ಬಂತು, ಬಸವಪುರಾಣ ಬಂತು, ದಾಸರ ಪದಗಳು ಬಂದವು. ಸುವಾರ್ತೆ ಸಾರಲು ಸಮುದ್ರ ದಾಟಿ ಬಂದ ಮನುಷ್ಯ ಪುರಂದರದಾಸರ ಪದಗಳ ಕರಡು ತಿದ್ದುತ್ತ ಕೂತಿದ್ದರು. ಅವರ ನಂತರದ ಕಿಟ್ಟೆಲ್ಲರು 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಕಾವ್ಯದ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು ಬರೆದರು. ಇವರೇನೂ ನಮ್ಮ ಹಾಗೆ ‘ಎಲ್ಲ ಒಂದೇ’ ಅನ್ನುವವರಲ್ಲ, ಮತದ ವಿಷಯದಲ್ಲಿ ಬಿಗಿ ಜನ. ಆದರೂ ಆ ಹಾಳೆಗಳು ಕೈಗೆ ತಾಗಿ ಅವರ ವಿಶ್ವಾಸ ಕರಗಲಿಲ್ಲ. ನಿಮ್ಮದೂ ಒಂದು ಉಬ್ಬಚ್ಚಿಗೆ ಕರಗುವುದಿಲ್ಲ ಟೀಚರ್.

ಹಾಗಾದರೆ ಆ ಹಿರಿಯರದ್ದು ತಪ್ಪಾ? ಅಷ್ಟು ಸುಲಭವಾಗಿ ಹೇಳಲಾರೆ. ಯೇಸುವಿನ ಅಪೊಸ್ತಲ ಪೌಲನಿಗೆ ಕೊರಿಂಥ ಪಟ್ಟಣದ ಸಭೆಯವರು ಇದೇ ಜಾತಿಯ ಪ್ರಶ್ನೆ ಕೇಳಿದ್ದರು: ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಹುದೇ? ಬೈಬಲಿನಲ್ಲಿ ಅವನು ಅವರಿಗೆ ಬರೆದ ಒಂದನೇ ಪತ್ರದ ಎಂಟನೇ ಅಧ್ಯಾಯ ತೆಗೆದು ನೋಡಿ. ತಿಂದರೆ ಏನೂ ಹೆಚ್ಚುಕಮ್ಮಿ ಇಲ್ಲ ಅನ್ನುತ್ತಾನೆ. ಆದರೆ ನೀನು ತಿನ್ನುವುದರಿಂದ ಇನ್ನೊಬ್ಬನ ಮನಸ್ಸಿಗೆ ಪೆಟ್ಟಾಗುವುದಾದರೆ ನಾನಂತೂ ತಿನ್ನುವುದೇ ಇಲ್ಲ ಅಂತಲೂ ಅನ್ನುತ್ತಾನೆ. ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಎಂಬ ಮಾತು ಬರುವುದು ಅಲ್ಲೇ. ನಮಗೆ ಮೋಗ್ಲಿಂಗರ ಕಥೆ ಗೊತ್ತು, ಸರಿ. ಆ ಕಥೆ ಹೇಳಿ ಆ ಹಿರಿಯರ ಬಾಯಿ ಮುಚ್ಚಿಸಬಹುದು. ಅವರಿಗೆ ಆದ ಕಸಿವಿಸಿ ಹಾಗೇ ಉಳಿಯುತ್ತದೆ.

ಇನ್ನೂ ಒಬ್ಬರಿದ್ದಾರೆ, ಅವರನ್ನು ಈ ಜಗಳದಲ್ಲಿ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ. ನಿಮ್ಮ ಪಕ್ಕದ ಮನೆಯಾಕೆ. ಗಣಪತಿಯ ಚಿತ್ರವಿರುವ ಲಗ್ನಪತ್ರಿಕೆಯನ್ನು ಕಸದ ಡಬ್ಬಿಗೆ ಹಾಕಲು ನಮ್ಮ ಜನಕ್ಕೆ ಕೈ ಬರುವುದಿಲ್ಲ. ಅರಳಿಕಟ್ಟೆಯ ಮೇಲೆ ಇಟ್ಟು ಬರುತ್ತಾರೆ, ಇಲ್ಲಾ ಕಪಾಟಿನಲ್ಲಿ ಕಟ್ಟು ಕಟ್ಟಿ ಇಡುತ್ತಾರೆ. ಅಂಥ ಹಾಳೆಗೆ ಕತ್ತರಿ ಹಾಕಿದ್ದೀರಲ್ಲ, ಆಕೆಗೆ ಬೇಜಾರಾಗಲಿಲ್ಲವೇ ಅಂತ ನನಗೂ ಅನ್ನಿಸಿತ್ತು. ಆಮೇಲೆ ನಿಮ್ಮ ಪತ್ರದ ನಾಲ್ಕನೇ ಪುಟ ಓದಿದೆ. ಆಕೆಯೇ ಆ ಕಟ್ಟು ತಂದು ನಿಮ್ಮ ಕಟ್ಟೆಯ ಮೇಲಿಟ್ಟು, “ಟೀಚರ್, ಇವನ್ನ ಒಗಿಯಾಕ ಮನಸ ಬರೂದಿಲ್ರಿ. ನಿಮ್ಮ ಹಬ್ಬದ ಕಾರ್ಡಿಗೆ ಅಕ್ಕಾವೇನ್ ನೋಡ್ರಿ” ಅಂದರಂತೆ. ಎಸೆಯಲಾಗದ್ದನ್ನು ಇನ್ನೊಂದು ಮನೆಯ ಹಬ್ಬಕ್ಕೆ ಕೊಟ್ಟಿದ್ದಾರೆ. ಇದನ್ನು ನಾಲ್ಕನೇ ಪುಟದಲ್ಲಿ ಬಚ್ಚಿಟ್ಟಿದ್ದೀರಲ್ಲ, ಮೊದಲನೇ ಸಾಲಿನಲ್ಲಿ ಬರೆಯಬೇಕಿತ್ತು.

ನಿಮ್ಮ ಕಡೆ ದಸರೆಗೆ ಬನ್ನಿ ಎಲೆ ಕೈಗಿಟ್ಟು ‘ಬಂಗಾರದಂಗ ಇರೋಣು’ ಅನ್ನುತ್ತೀರಿ. ಸಂಕ್ರಾಂತಿಗೆ ಕುಸುರೆಳ್ಳು. ಮೊದಲೆಲ್ಲ ಸಂಕ್ರಾಂತಿಗೆ ಮಕ್ಕಳು ಸಿನಿಮಾ ನಟರ ಚಿತ್ರವಿರುವ ಕಾರ್ಡುಗಳನ್ನು ಕೊಂಡು ಗೆಳೆಯರಿಗೆ ಹಂಚುತ್ತಿದ್ದರು, ನಿಮ್ಮ ತರಗತಿಯಲ್ಲಿ ಎಷ್ಟು ಜಪ್ತಿ ಮಾಡಿದ್ದೀರೋ! ಬನ್ನಿ ಎಲೆಯ ಮೇಲೆ ಏನೂ ಬರೆದಿರುವುದಿಲ್ಲ. ಆದರೂ ಕೊಟ್ಟವರು ಯಾರು ಅಂತ ಮನೆಗೆ ಬಂದ ಮೇಲೂ ನೆನಪಿರುತ್ತದೆ. ನಿಮ್ಮ ನಾದಿನಿ ಹೇಳುತ್ತಾರಂತೆ, ಹಿಂದೂ ನೆರೆಯವರ ಕಾರ್ಡಿನಲ್ಲೂ ಬೈಬಲ್ ವಚನ ಬರೆಯಲೇಬೇಕು, ಇಲ್ಲವಾದರೆ ಸಾಕ್ಷಿ ಹೇಗಾಗುತ್ತದೆ ಅಂತ. ವಚನ ಬರೆಯುವುದು ಬಿಡುವುದು ಆ ಒಬ್ಬರನ್ನು ನೋಡಿ ತೀರ್ಮಾನ ಮಾಡುವ ಸಂಗತಿ. ಮಗನನ್ನು ಕಳಕೊಂಡ ಮನೆಯೊಂದಕ್ಕೆ ನೀವು ಒಳಗೆ ಒಂದಕ್ಷರ ಬರೆಯದೆ ಬರೀ ಕಂದೀಲು ಬಿಡಿಸಿ ಕಳಿಸಿದಿರಂತೆ. ಬೈಬಲಿನಲ್ಲಿ ಎಲ್ಲವನ್ನೂ ಕಳಕೊಂಡ ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ಆ ಕಂದೀಲು ಬಿಡಿಸುವಾಗ ನೀವು ಯಾರನ್ನೂ ಕೇಳಿರಲಿಲ್ಲ, ಅಲ್ವಾ?

ಈಗ ಕೈ ನಡುಗುವ ವಿಷಯ.

ಪೌಲನ ಪತ್ರಗಳನ್ನು ನಾವು ಪೌಲ ಬರೆದದ್ದು ಅನ್ನುತ್ತೇವೆ. ಹೇಳಿದ್ದು ಅವನು, ಎಷ್ಟೋ ಸಲ ಬರೆದುಕೊಂಡದ್ದು ಬೇರೆಯವರು. ರೋಮಾಪುರದವರಿಗೆ ಹೋದ ಪತ್ರದ ಕೊನೆಯಲ್ಲಿ ಬರಹಗಾರ ತೆರ್ತ್ಯ ತಾನೇ ನಡುವೆ ತಲೆ ಹಾಕಿ, ಈ ಪತ್ರ ಬರೆದ ನಾನೂ ನಿಮಗೆ ವಂದನೆ ಹೇಳುತ್ತೇನೆ ಅನ್ನುತ್ತಾನೆ. ಓದಿದಾಗೆಲ್ಲ ನನಗೆ ನಮ್ಮ ಡಿಟಿಪಿ ಹುಡುಗ ನೆನಪಾಗುತ್ತಾನೆ. ಆದರೆ ಕೆಲವು ಪತ್ರಗಳ ಕೊನೆಗೆ ಬಂದಾಗ ಪೌಲ ಲೇಖನಿಯನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. ಕೊರಿಂಥದವರಿಗೆ, ಕೊಲೊಸ್ಸೆಯವರಿಗೆ, ಥೆಸಲೋನಿಕದವರಿಗೆ: ಈ ವಂದನೆ ನನ್ನ ಸ್ವಂತ ಕೈಯದು. ಉಪದೇಶ ಇನ್ನೊಬ್ಬರ ಕೈಯಲ್ಲಿ ಬರೆಸಿದರೂ ನಡೆಯುತ್ತದೆ, ವಂದನೆ ಮಾತ್ರ ತಾನೇ ಬರೆಯಬೇಕು ಅಂತ ಅವನಿಗೆ ಅನ್ನಿಸಿರಬೇಕು. ಗಲಾತ್ಯದವರಿಗಂತೂ, ನೋಡಿ, ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೇನೆ ಅಂತ ತೋರಿಸುತ್ತಾನೆ. ಯಾಕೆ ಅಷ್ಟು ದೊಡ್ಡದು? ಕಣ್ಣು ಮಂಜಾಗಿತ್ತು ಅಂತ ಕೆಲವರು, ಒತ್ತಿ ಹೇಳಲಿಕ್ಕೆ ಅಂತ ಕೆಲವರು. ಯಾವುದೇ ಇರಲಿ, ಪಳಗಿದ ಬರಹಗಾರನ ಸಾಲುಗಳ ಕೆಳಗೆ ಆ ದಪ್ಪ ದಪ್ಪ ಅಕ್ಷರ ಬೇರೆಯಾಗಿಯೇ ಕಂಡಿರುತ್ತದೆ. ಅದನ್ನು ನೋಡಿ ಇದು ಪೌಲನದೇ ಅಂತ ಗುರುತು ಹಿಡಿದಿರುತ್ತಾರೆ.

ನಿಮ್ಮ ಕಾರ್ಡಿನ ಒಳಗಿರುವುದು ‘ಕೃಪೆಯೂ ಶಾಂತಿಯೂ ನಿಮಗಾಗಲಿ’ ಎಂಬ ಒಂದೇ ಸಾಲು. ‘ಶಾಂ’ ಬರೆಯುವಾಗ ಕೈ ಜಾರಿ ಸೊನ್ನೆ ಮೇಲಕ್ಕೆ ಹಾರಿದೆ. ಅದನ್ನು ಅಳಿಸಲು ಹೋಗಿ ಹಾಳೆಯ ಮೇಲೆ ಸ್ವಲ್ಪ ತರಚಿದೆ. ಮುಂದಿನ ಸಲ ಅಳಿಸಬೇಡಿ. ನಿಮ್ಮ ಕೈಯಲ್ಲಿ ಕಲಿತು ಈಗ ಎಲ್ಲೆಲ್ಲೋ ನೌಕರಿಯಲ್ಲಿರುವವರಿಗೆ ಕಪ್ಪು ಹಲಗೆಯ ಮೇಲಿನ ನಿಮ್ಮ ದುಂಡಕ್ಷರ ನೆನಪಿರುತ್ತದೆ. ನಡುಗಿದ ಸೊನ್ನೆ ನೋಡಿದರೆ ಅವರಿಗೆ ನಿಮ್ಮ ಈಗಿನ ಸುದ್ದಿಯೂ ಗೊತ್ತಾಗುತ್ತದೆ. ಯಾರಾದರೂ ಫೋನ್ ಮಾಡಿ ಕೇಳಿಯಾರು.

ಮೊದಲು ಅರವತ್ತು ಮಾಡುತ್ತಿದ್ದೆ, ಹೋದ ಸಲ ಹನ್ನೊಂದಕ್ಕೇ ಸಾಕಾಯಿತು ಅಂತ ಬರೆದಿದ್ದೀರಿ. ಹನ್ನೊಂದೇ ಮಾಡಿ. ಕತ್ತರಿಸುವ ಕೆಲಸ ಮೊಮ್ಮಗಳಿಗೆ ಕೊಡಿ. ಉಳಿದವರಿಗೆ ಮಗ ವಾಟ್ಸಾಪಿನಲ್ಲೇ ಕಳಿಸಲಿ, ಅದರಲ್ಲಿ ಪಾಪವೇನಿಲ್ಲ. ದೂರದೂರಿನಲ್ಲಿ ಹಬ್ಬದ ದಿನ ಒಬ್ಬರೇ ಇರುವವರಿಗೆ ಆ ಪುಟ್ಟ ಶಬ್ದವೂ ಬೇಕಾಗುತ್ತದೆ.

ವಿಶ್ವಾಸವೋ ಹವ್ಯಾಸವೋ ಅಂತ ಕೇಳಿದ್ದೀರಿ. ಇದಕ್ಕೆ ಉತ್ತರ ಹೇಳುವಷ್ಟು ನಾನು ದೊಡ್ಡವನಲ್ಲ. ನನ್ನ ವಿಶ್ವಾಸವೇ ಕುಂಟುವಂಥದ್ದು. ಪ್ರಾರ್ಥನೆಗೆ ಅಂತ ಕಣ್ಣು ಮುಚ್ಚಿದರೆ ಎರಡನೇ ನಿಮಿಷಕ್ಕೆ ಮುಂದಿನ ಸಂಚಿಕೆಯ ಮುಖಪುಟ ಕಣ್ಣೆದುರು ಬರುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಒಂದು ಮಾತಿದೆ. ‘ಅಂಟು ಆರುವ ತನಕ ಕಾರ್ಡಿನ ಮೇಲೆ ಅಂಗೈ ಒತ್ತಿ ಹಿಡಿದು, ಅದು ಯಾರಿಗೋ ಅವರ ಹೆಸರು ಹೇಳುತ್ತಿರುತ್ತೇನೆ, ಬೇರೆ ಕೆಲಸ ಇರುವುದಿಲ್ಲವಲ್ಲ’ ಎಂದು. ಬೇರೆ ಕೆಲಸ ಇಲ್ಲ ಅಂತ ಅಷ್ಟು ಹಗುರಾಗಿ ಬರೆದಿದ್ದೀರಿ! ನನಗೆ ಎರಡು ನಿಮಿಷ ದಾಟಿಸಲು ಆಗದ್ದನ್ನು ನೀವು ಮೈದಾ ಅಂಟಿನ ನೆಪದಲ್ಲಿ ಮೂವತ್ತು ವರ್ಷ ಮಾಡಿದ್ದೀರಿ. ಇದಕ್ಕೆ ಹವ್ಯಾಸ ಅಂತ ಹೆಸರಿಟ್ಟರೆ ಇಡಲಿ, ನಾನಂತೂ ಪ್ರಾರ್ಥನೆ ಅನ್ನುತ್ತೇನೆ.

ಹೊಗಳಿಕೆ ಇಷ್ಟಕ್ಕೇ ನಿಲ್ಲಿಸುತ್ತೇನೆ, ಯಾಕೆಂದರೆ ನಿಮ್ಮ ಇನ್ನೊಂದು ಅಭ್ಯಾಸ ನನಗೆ ಹಿಡಿಸಲಿಲ್ಲ. ಯಾರಿಂದ ತಿರುಗಿ ಕಾರ್ಡ್ ಬಂತು ಅಂತ ನೋಟ್‌ಬುಕ್ಕಿನಲ್ಲಿ ಸರಿ ಗುರುತು ಹಾಕಿ, ಎರಡು ವರ್ಷ ಬಾರದಿದ್ದರೆ ಹೆಸರು ಹೊಡೆದು ಹಾಕುತ್ತೀರಂತೆ. ಟೀಚರ್, ಇದೇನು ಹಾಜರಿ ಪುಸ್ತಕವೇ? ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ಕೇಳಿದ್ದು ನೆನಪು ಮಾಡಿಕೊಳ್ಳಿ: ನಿಮ್ಮ ಸಹೋದರರಿಗೆ ಮಾತ್ರ ವಂದನೆ ಮಾಡಿದರೆ ಏನು ಹೆಚ್ಚು ಮಾಡಿದಂತಾಯಿತು? ಅನ್ಯರೂ ಅಷ್ಟು ಮಾಡುವುದಿಲ್ಲವೇ? ಆ ಪುಸ್ತಕ ಒಲೆಗೆ ಹಾಕಿ ಅನ್ನಲು ಹೊರಟಿದ್ದೆ. ಅದರಲ್ಲಿ ವಿಳಾಸಗಳೂ ಇರುತ್ತವೆ, ಬೇಡ. ಸರಿ ಗುರುತು ಹಾಕುವುದನ್ನಷ್ಟೇ ಬಿಡಿ.

ಈ ಸಲದ ಮೊದಲನೇ ಕಾರ್ಡ್ ಆ ಹಿರಿಯರಿಗೇ ಹೋಗಲಿ. ಬಿಳಿ ಡ್ರಾಯಿಂಗ್ ಹಾಳೆ ತನ್ನಿ, ಅವರದು ಅದರಲ್ಲಿ ಮಾಡಿ. ವಾದ ಬೇಡ, ಮೋಗ್ಲಿಂಗರೂ ಬೇಡ. ಪಕ್ಕದ ಮನೆಯಾಕೆಗೆ ಮಾತ್ರ ಆಕೆ ಕೊಟ್ಟ ಹಾಳೆಯಲ್ಲೇ ಮಾಡಿ, ಗಣಪತಿಗೆ ಕತ್ತರಿ ತಾಗದ ಹಾಗೆ ನೋಡಿಕೊಂಡು.

ಇನ್ನು ಅಂಟು. ಮೈದಾ ಅಂಟಿಗೆ ಹುಳ, ಜಿರಲೆ ಬರುವುದು ಸಹಜ, ಅದು ಅವಕ್ಕೆ ಊಟ. ಹಳೆಯ ಬೈಂಡಿಂಗಿನವರು ಅಂಟು ಕುದಿಸುವಾಗ ಒಂದು ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಿದ್ದರು. ನಮ್ಮ ಕಚೇರಿಯ ಹಳೆಯ ಸಂಪುಟಗಳಿಗೂ ಹಾಗೇ ಮಾಡಿಸಿದ್ದು, ಹುಳ ಮುಟ್ಟಿಲ್ಲ. ಆದರೆ ಅದು ವಿಷ. ಅಡುಗೆಯ ಪಾತ್ರೆ ಬೇಡ, ಹಳೆಯ ಡಬ್ಬಿಯೊಂದನ್ನು ಅದಕ್ಕೇ ಇಟ್ಟುಬಿಡಿ. ಮೊಮ್ಮಗಳು ಕತ್ತರಿ ಹಿಡಿಯಲಿ, ಅಂಟಿಗೆ ಮಾತ್ರ ಕೈ ಹಾಕುವುದು ಬೇಡ. ನೀವೂ ಬರಿಗೈಯಲ್ಲಿ ಮುಟ್ಟದೆ ಕಡ್ಡಿಯಿಂದ ಹಚ್ಚಿ. ಅಂಗೈ ಒತ್ತುವಾಗ ನಡುವೆ ಒಂದು ಹಾಳೆ ಇರಲಿ, ಹೆಸರು ಆಗಲೂ ಹೇಳಬಹುದು. ಅಷ್ಟೆಲ್ಲ ರಗಳೆ ಬೇಡ ಅಂದರೆ ಅಂಗಡಿಯ ಬಿಳಿ ಗೋಂದು ತನ್ನಿ, ಅದಕ್ಕೆ ಹುಳ ಬರುವುದು ಕಡಿಮೆ. ಏನು, ಬೇಗ ಆರುತ್ತದೆ. ನಿಮಗೆ ಅದು ಅನುಕೂಲವೋ ನಷ್ಟವೋ ನೀವೇ ಹೇಳಬೇಕು.

ನಾಲ್ಕು ವರ್ಷದ ಹಿಂದೆ ಈ ಕಚೇರಿಗೂ ನಿಮ್ಮದೊಂದು ಕಾರ್ಡ್ ಬಂದಿತ್ತು, ಅದರ ಮುಂದಿನ ವರ್ಷವೂ. ಆಮೇಲೆ ನಿಂತಿತು. ಯಾಕೆ ಅಂತ ಈಗ ಗೊತ್ತಾಯಿತು. ಪೌಲ ಫಿಲೆಮೋನನಿಗೆ, ಸಾಲ ನಾನು ತೀರಿಸುತ್ತೇನೆ, ಇದು ನನ್ನ ಕೈಬರಹ ಅಂತ ಬರೆದುಕೊಟ್ಟ ಹಾಗೆ ನಾನೂ ಬರೆದುಕೊಡುತ್ತೇನೆ. ಮೇಜಿನ ಖಾನೆಯಲ್ಲಿ ಹಳೆಯ ಲಗ್ನಪತ್ರಿಕೆ ಹುಡುಕಿದೆ, ಒಂದು ಸಿಕ್ಕಿತು, ಬಾಳೆಗಿಡದ ಚಿತ್ರದ್ದು. ಡಿಟಿಪಿ ಹುಡುಗನ ಹತ್ತಿರ ಕತ್ತರಿ ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ.

– ಸಂ.